ಏಳು ಹಿಟ್ ಪಾಯಿಂಟ್

12 ಜುಲೈ 2025, ಶನಿವಾರ, ರಾತ್ರಿ 11

ಪುಟ್ಟಿ ಇವತ್ತು ಸಂಜೆ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದವಳು ತಲೆ ಎತ್ತದೆ ಹೇಳಿದಳು. "ಚಿಕ್ಕಿ, ನನ್ನ ವಿಝರ್ಡ್ ಬೇಡ. ನಾಳೆಯಿಂದ ನಾನೂ ಫೈಟರ್ ಆಗ್ತೀನಿ."

ಕಳೆದ ಭಾನುವಾರದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟ ಅವಳ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸಿ ಆಡುವ ಕಥೆಯಾಟ ಅದು, ನಡೆಸುವವನು ನನ್ನ ತಮ್ಮ. ಇವಳದು ವಿಝರ್ಡ್, ಅಂದರೆ ಮಂತ್ರವಾದಿ. ಫೈಟರ್ ಅಂದರೆ ಆಯುಧ ಹಿಡಿದು ಹೋರಾಡುವ ಪಾತ್ರ. ಭಾವ ಬಂದಿರಲಿಲ್ಲ, ಅಂದರೆ ನಮ್ಮ ಗುಂಪಿನಲ್ಲಿ ಗಾಯ ವಾಸಿ ಮಾಡುವ ಕ್ಲೆರಿಕ್ ಇರಲಿಲ್ಲ. ಸೇತುವೆ ಹತ್ತಿರ ನಾಲ್ಕು ಗಾಬ್ಲಿನ್, ಕುಳ್ಳ ದುಷ್ಟ ಜೀವಿಗಳು. ಇವಳು ಮೊದಲ ಸರದಿಗೆ ಮ್ಯಾಜಿಕ್ ಮಿಸೈಲ್ ಮಂತ್ರ ಬಿಟ್ಟಳು, ಒಂದು ಸತ್ತಿತು. ಎರಡನೇ ಸರದಿಗೂ ಅದನ್ನೇ ಬಿಟ್ಟಳು, ಅದೂ ಮಹಡಿ ಮನೆ ಹುಡುಗ ಆಗಲೇ ಹೊಡೆದು ಅರೆಜೀವ ಮಾಡಿದ್ದ ಗಾಬ್ಲಿನ್ ಮೇಲೆ. ಅಲ್ಲಿಗೆ ದಿನದ ಎರಡೂ ಸ್ಪೆಲ್ ಸ್ಲಾಟ್, ಅಂದರೆ ದೊಡ್ಡ ಮಂತ್ರ ಹಾಕುವ ಅವಕಾಶ, ಮುಗಿದವು. ಮೂರನೇ ಸರದಿಗೆ ಪಕ್ಕದಲ್ಲೇ ನಿಂತ ಗಾಬ್ಲಿನ್‌ಗೆ ಸ್ಲಾಟ್ ಬೇಡದ ಬೆಂಕಿ ಮಂತ್ರ, ಫೈರ್ ಬೋಲ್ಟ್. ಅಷ್ಟು ಹತ್ತಿರದಿಂದ ಎಸೆದರೆ ದಾಳ ಎರಡು ಸಲ ಉರುಳಿಸಿ ಕಡಿಮೆ ಬಿದ್ದದ್ದನ್ನೇ ತಗೋಬೇಕು. ತಪ್ಪಿತು. ಆಮೇಲೆ ಎರಡು ಕತ್ತಿ ಏಟು. ಅವಳಿಗಿದ್ದದ್ದು ಏಳೇ ಹಿಟ್ ಪಾಯಿಂಟ್, ಅಂದರೆ ಏಟು ತಡೆಯುವ ಶಕ್ತಿ. ಅದು ಸೊನ್ನೆಯಾಗಿ ಎಚ್ಚರ ತಪ್ಪಿತು. ನನ್ನ ಪಾತ್ರ ರೋಗ್, ಕಳ್ಳ, ಓಡಿ ಹೋಗಿ ಜೀವ ಉಳಿಸಿದ, ಆದರೆ ಎಚ್ಚರ ಬರಲಿಲ್ಲ. ಉಳಿದ ಆಟವೆಲ್ಲ ಅವಳು ಸುಮ್ನೆ ಕೂತು ನಮ್ಮನ್ನೇ ನೋಡುತ್ತಿದ್ದಳು. ಆ ಮುಖ ನೋಡಿ ನನಗೆ ಊಟ ಸೇರಿರಲಿಲ್ಲ.

ತಮ್ಮ ಅವಳಿಗೆ ಸಮಾಧಾನ ಮಾಡಿದ್ದ. 1978ರ ನಿಯಮ ಪುಸ್ತಕದಲ್ಲಿ ಇನ್ನೂ ಕಷ್ಟ ಇತ್ತು ಪುಟ್ಟಿ, ಮೊದಲ ಲೆವೆಲ್‌ನಲ್ಲಿ ದಿನಕ್ಕೆ ಒಂದೇ ಮಂತ್ರ, ಹಿಟ್ ಪಾಯಿಂಟ್‌ಗೆ ನಾಲ್ಕು ಮುಖದ ದಾಳ, ಅಂತ. ಹದಿಮೂರು ವರ್ಷದ ಹುಡುಗಿಗೆ ಅದರಿಂದ ಏನು ಸಮಾಧಾನ?

ನಾನು ಅವಳ ಕ್ಯಾರೆಕ್ಟರ್ ಶೀಟ್, ಪಾತ್ರದ ವಿವರ ಬರೆದ ಹಾಳೆ, ತರಿಸಿದೆ. ಬೆಳ್ಳುಳ್ಳಿ ಪಕ್ಕಕ್ಕಿಟ್ಟು ಇಬ್ಬರೂ ಕೂತೆವು.

"ಮಿಸೈಲ್ ಎಷ್ಟು ಗಾಬ್ಲಿನ್ ಕೊಲ್ಲುತ್ತೆ?"

"ಒಂದು."

"ಸ್ಲೀಪ್?"

ಅವಳು ಅದನ್ನು ಓದಿರಲೇ ಇಲ್ಲ. ಹೊಡೆಯುವ ಮಂತ್ರ ಅಲ್ಲ ಅಂತ ಬಿಟ್ಟಿದ್ದಳು. ನಾವು ಇನ್ನೂ 2014ರ ಪುಸ್ತಕದಲ್ಲೇ ಆಡುತ್ತೇವೆ. ಅದರಲ್ಲಿ ಸ್ಲೀಪ್‌ಗೆ ಎಂಟು ಮುಖದ ಐದು ದಾಳ, ಬಿದ್ದ ಮೊತ್ತದಷ್ಟು ಹಿಟ್ ಪಾಯಿಂಟ್‌ನವರು ಮಲಗುತ್ತಾರೆ. ಸರಾಸರಿ 22 ಚಿಲ್ಲರೆ. ಗಾಬ್ಲಿನ್‌ಗೆ ಏಳು ಹಿಟ್ ಪಾಯಿಂಟ್. ಲೆಕ್ಕ ಅವಳೇ ಹಾಕಿದಳು. ಮೂರು! ತಪ್ಪಿಸಿಕೊಳ್ಳಲು ಅವಕ್ಕೆ ದಾಳ ಕೂಡ ಇಲ್ಲ, ಬಿದ್ದು ಮಲಗುವುದೇ. ಅವಳ ಕಣ್ಣು ಆಗ ನೋಡಬೇಕಿತ್ತು.

ಆದರೆ ಒಂದು ತೊಡಕಿದೆ. ಆ ಮಂತ್ರ ಹಾಕಿದ ಜಾಗದಿಂದ ಸುತ್ತ 20 ಅಡಿಯೊಳಗೆ ಯಾರಿದ್ದರೂ ಮಲಗಿಸುತ್ತದೆ, ನಮ್ಮವರು ಶತ್ರುಗಳು ಅಂತ ಇಲ್ಲ, ಹಿಟ್ ಪಾಯಿಂಟ್ ಕಡಿಮೆ ಇರುವವರು ಮೊದಲು. ಮಹಡಿ ಮನೆ ಹುಡುಗ ಒಳಗೆ ನುಗ್ಗುವ ಮೊದಲೇ ಹಾಕಬೇಕು. ಅವನೋ, ನನ್ನ ತಮ್ಮ ಹೇಳಿ ಮುಗಿಸುವ ಮೊದಲೇ ನುಗ್ಗಿರುತ್ತಾನೆ.

"ಹಾಗಾದ್ರೆ ಅವನಿಗೆ ಹೇಳ್ಬೇಕಾ?"

"ಹೇಳ್ಬೇಕು ಕಣೇ. ಒಂದು ಸರದಿ ನಿಲ್ಲು ಅಂತ."

"ನೀವೇ ಹೇಳಿ ಚಿಕ್ಕಿ."

ನನಗೆ ಆಗ ಗೊತ್ತಾಯಿತು. ಕಳೆದ ವಾರ ಅವಳು ಇಡೀ ಆಟದಲ್ಲಿ ತನ್ನ ಸರದಿ ಬಿಟ್ಟು ಒಂದು ಮಾತೂ ಆಡಿರಲಿಲ್ಲ. ಅವಳ ಕಷ್ಟ ಏಳು ಹಿಟ್ ಪಾಯಿಂಟ್ ಅಲ್ಲವೇ ಅಲ್ಲ. ದೊಡ್ಡವರ ಮಧ್ಯೆ, ಜೋರು ಹುಡುಗನ ಎದುರು, "ನಿಲ್ಲು" ಅನ್ನುವುದು. ನಾನು ಹೇಳುವುದಿಲ್ಲ ಅಂದೆ. ಮನಸ್ಸು ಗಟ್ಟಿ ಮಾಡಿಕೊಂಡೇ ಅಂದೆ.

ಆಮೇಲೆ ಮೇಜ್ ಆರ್ಮರ್ ಅನ್ನುವ ರಕ್ಷಾ ಮಂತ್ರದ ಬಗ್ಗೆ ಬಹಳ ಹೊತ್ತು ಮಾತಾಯಿತು. ಎಂಟು ಗಂಟೆ ಇರುತ್ತದೆ, ಅವಳ ಆರ್ಮರ್ ಕ್ಲಾಸ್, ಅಂದರೆ ಏಟು ತಗುಲಲು ಶತ್ರು ಮುಟ್ಟಬೇಕಾದ ಅಂಕ, 12ರಿಂದ 15ಕ್ಕೆ ಏರುತ್ತದೆ, ನಿಜ. ಆದರೆ ಇರುವ ಎರಡು ಸ್ಲಾಟ್‌ನಲ್ಲಿ ಒಂದು ಹೋಯಿತು. ಸ್ವಲ್ಪ ವಿಶ್ರಾಂತಿ ತಗೊಂಡರೆ ಆರ್ಕೇನ್ ರಿಕವರಿಯಿಂದ ದಿನಕ್ಕೊಮ್ಮೆ ಒಂದು ವಾಪಸ್ ಬರುತ್ತದೆ, ಅಷ್ಟೇ. ನನ್ನ ಅಭಿಪ್ರಾಯ ಬೇರೆ. ಗೋಡೆ ಹಿಂದೆ ನಿಲ್ಲಲು ಸ್ಲಾಟ್ ಬೇಡ. ಆಚೆ ಬಾ, ಫೈರ್ ಬೋಲ್ಟ್ ಎಸೆ, ಮತ್ತೆ ಒಳಗೆ ಹೋಗು. ಅದು 120 ಅಡಿ ಹೋಗುತ್ತದೆ, ಹತ್ತಿರ ಹೋಗುವ ಅಗತ್ಯವೇ ಇಲ್ಲ. ಚೌಕಾಬಾರದಲ್ಲಿ ಅಜ್ಜಿ ಕಾಯನ್ನು ಗುರುತಿನ ಮನೆಯಲ್ಲಿ ಕೂರಿಸಿ ಕವಡೆಗೆ ಕಾಯುತ್ತಾರಲ್ಲ, ಹಾಗೆ. ಇದು ಅವಳಿಗೆ ತಕ್ಷಣ ಅರ್ಥವಾಯಿತು.

ಜೊತೆಗೊಂದು ಪ್ರಾಣಿಯನ್ನು ಕರೆಸುವ ಫೈಂಡ್ ಫೆಮಿಲಿಯರ್ ಕೂಡ ಅವಳ ಮಂತ್ರ ಪುಸ್ತಕದಲ್ಲಿದೆ, ಬಳಸಿಲ್ಲ! ರಿಚುವಲ್ ಆಗಿ, ಅಂದರೆ ಪೂಜೆಯ ಹಾಗೆ ನಿಧಾನಕ್ಕೆ, ಮಾಡಿದರೆ ಸ್ಲಾಟ್ ಬೇಡ, ಒಂದು ಗಂಟೆ ಹತ್ತು ನಿಮಿಷ, ಹತ್ತು ಚಿನ್ನದ ನಾಣ್ಯದ ಇದ್ದಿಲು, ಧೂಪ, ಮೂಲಿಕೆ. ಅವಳಿಗೆ ಬೆಕ್ಕು ಬೇಕಂತೆ. ಗೂಬೆ ತಗೋ ಅಂದೆ. ಗೂಬೆ ಹಾರಿ ಬಂದು ಶತ್ರುವನ್ನು ಗಲಿಬಿಲಿ ಮಾಡಿ, ತಿರುಗೇಟು ತಿನ್ನದೆ ಹಾರಿ ಹೋಗುತ್ತದೆ, ಮುಂದೆ ಹೊಡೆಯುವ ನಮ್ಮವರಿಗೆ ಎರಡು ದಾಳ, ಹೆಚ್ಚು ಬಿದ್ದದ್ದು ಅವರದ್ದು. ನನ್ನ ರೋಗ್‌ಗೆ ಅದೇ ಸ್ನೀಕ್ ಅಟ್ಯಾಕ್, ಹೆಚ್ಚು ಪೆಟ್ಟು ಕೊಡುವ ಅವಕಾಶ. ಅಜ್ಜಿ ದೇವರ ಮನೆಯಿಂದಲೇ ಕೂಗಿದರು, "ದೀಪ ಹಚ್ಚೋ ಹೊತ್ತಲ್ಲಿ ಗೂಬೆ ಹೆಸರು ಎತ್ತಬೇಡ್ರೇ!" ಒಂದು ವಾರದ ಮೇಲೆ ಪುಟ್ಟಿ ಇವತ್ತು ನಕ್ಕಳು.

ಮಳೆ ಜೋರಾಗಿದೆ. ಅಕ್ಕ ಇನ್ನೂ ಫೋನ್ ಮಾಡಿಲ್ಲ, ಡ್ಯೂಟಿ ಮುಗಿದಿಲ್ಲವೇನೋ. ಈ ತಿಂಗಳು ಅವಳಿಗೆ ರಾತ್ರಿ ಪಾಳಿ ಜಾಸ್ತಿಯಾಯಿತು.

ಒಂಬತ್ತು ಗಂಟೆಗೆ ಮಹಡಿ ಮೆಟ್ಟಿಲ ಮೇಲೆ ಪುಟ್ಟಿಯ ದನಿ ಕೇಳಿಸಿತು. "ನಾಳೆ ನೀನು ಒಂದು ಸರದಿ ನಿಲ್ಬೇಕು." ಅವನು ಯಾಕೆ ಅಂದ. ಇವಳು "ನಾನು ಹೇಳಿದಾಗ ಗೊತ್ತಾಗುತ್ತೆ" ಅಂದಳು. ಕೈಯಲ್ಲಿದ್ದ ಪಾತ್ರೆ ಹಾಗೇ ಹಿಡಿದು ನಿಂತುಬಿಟ್ಟೆ ನಾನು.

ಈಗ ಹೊಸ ಯೋಚನೆ. ತಮ್ಮ ನಾಳೆ ಓಗರ್, ಆ ದೈತ್ಯ ರಾಕ್ಷಸನನ್ನು, ತಂದರೆ? ಅದಕ್ಕೆ 59 ಹಿಟ್ ಪಾಯಿಂಟ್. ಐದು ದಾಳವೂ ಎಂಟೇ ಬಿದ್ದರೂ 40, ನಿದ್ದೆ ಹತ್ತುವುದೇ ಇಲ್ಲ. ಗ್ರೀಸ್ ಮಂತ್ರ ಇದ್ದರೆ ಕಾಲು ಜಾರಿಸಿ ಬೀಳಿಸಬಹುದು. ಅವಳ ಪುಸ್ತಕದಲ್ಲಿ ಆರು ಮಂತ್ರ, ನಾಲ್ಕನ್ನು ನೋಡಿದೆವು, ಉಳಿದ ಎರಡು ಯಾವುವು ಅಂತ ಕೇಳಲೇ ಇಲ್ಲ. ಅವಳ ಕೋಣೆಯಲ್ಲಿ ಇನ್ನೂ ಲೈಟ್ ಉರಿಯುತ್ತಿದೆ, ಹೋಗಿ ಕೇಳಲಾ