ಇವತ್ತ ಒಂದ ರಾತ್ರಿ ಅಷ್ಟ ರೀ

ಫೋಂಡಾ ತಾಲೂಕಿನ ನಮ್ಮ ಬಾಡಿಗೆ ಮನೆಯ ಹಿಂದೆ ಇರುವ ಗದ್ದೆಗಳಲ್ಲಿ ಈ ವಾರ ಮುಂಗಾರಿನ ನೀರು ಮೊದಲ ಬಾರಿಗೆ ನಿಂತಿತು. ಕತ್ತಲಾಗುತ್ತಿದ್ದಂತೆ ಗದ್ದೆಯ ತುಂಬ ಕಪ್ಪೆಗಳ ಕೂಗು ಎದ್ದಿತು. ಊಟದ ಹೊತ್ತಿಗೆ ಆ ಕೂಗಿನ ನಡುವೆ ಬ್ಯಾಟರಿ ಬೆಳಕುಗಳು ಓಡಾಡತೊಡಗಿದವು. ಗೋವಾದಲ್ಲಿ ಮಳೆಗಾಲ ಕಳೆದವರಿಗೆ ಆ ಬೆಳಕು ಯಾತಕ್ಕೆಂದು ಬಿಡಿಸಿ ಹೇಳಬೇಕಾಗಿಲ್ಲ. ‘ಜಂಪಿಂಗ್ ಚಿಕನ್’ ಎಂಬ ಹೆಸರಿನಲ್ಲಿ ಕೆಲವು ಹೋಟೆಲುಗಳಲ್ಲಿ ಗುಟ್ಟಾಗಿ ಬಡಿಸುವ ಕಪ್ಪೆ ಮಾಂಸ ಹೊರಡುವುದು ಇಂಥ ಗದ್ದೆಗಳಿಂದಲೇ.

ನಮ್ಮ ಕಾಂಪೌಂಡಿನ ದೀಪದ ಕೆಳಗೆ ಬಂದು ನಿಂತ ಇಬ್ಬರು ಹುಡುಗರು ಕನ್ನಡದಲ್ಲಿ ಮಾತನಾಡುತ್ತಿದ್ದುದರಿಂದಲೇ ನಾನು ಕೊಡೆ ಹಿಡಿದು ಹೊರಗೆ ಹೋದೆ. ಹಾವೇರಿ ಕಡೆಯವರು, ಸೆಂಟ್ರಿಂಗ್ ಕೆಲಸಕ್ಕೆ ಬಂದವರು. ಮಳೆ ಹಿಡಿದರೆ ಆ ಕೆಲಸ ನಿಲ್ಲುತ್ತದೆ. ದೊಡ್ಡವನ ಕೈಯಲ್ಲಿ ಈರುಳ್ಳಿ ತುಂಬುವ ಕೆಂಪು ಬಲೆ ಚೀಲವಿತ್ತು. ಆ ಚೀಲದ ಒಂದು ಮಗ್ಗುಲಿಗೆ ಗಂಡು ಗೂಳಿಗಪ್ಪೆಯೊಂದು ಒತ್ತಿಕೊಂಡು ಕುಳಿತಿತ್ತು. ಮೈಯೆಲ್ಲ ಅರಿಸಿನ ಬಳಿದಂತೆ ಹಳದಿ, ಗಂಟಲಿನ ಎರಡೂ ಬದಿಯಲ್ಲಿ ನೀಲಿಯ ಸುಕ್ಕು ಚರ್ಮ; ಬಲೆಯ ದಾರ ಅದರ ಮೂತಿಯನ್ನು ಕೊರೆಯುತ್ತಿದ್ದರೂ ಕೊರಳು ಮಾತ್ರ ಒಂದೇ ಸಮನೆ ಏಳುತ್ತ ಬೀಳುತ್ತ ಇತ್ತು.

“ಇವನ್ನ ಹಿಡಿಯೂದು ಕಾಯ್ದೆಕ್ಕ ವಿರುದ್ಧ ಐತಿ ಅಂತ ಗೊತ್ತೈತೇನಪಾ?” ಎಂದು ಕೇಳಿದೆ.

“ಇವತ್ತ ಒಂದ ರಾತ್ರಿ ಅಷ್ಟ ರೀ ಅಕ್ಕಾರ. ನಾಳೆ ಇಷ್ಟು ಸಿಗಂಗಿಲ್ಲ” ಎಂದ.

ಆ ಮಾತಿನಲ್ಲಿ ಭಯವೂ ಇರಲಿಲ್ಲ, ಉದ್ಧಟತನವೂ ಇರಲಿಲ್ಲ. ಒಂದೇ ರಾತ್ರಿಯಾದ್ದರಿಂದ ದೊಡ್ಡ ತಪ್ಪೇನಲ್ಲ ಎಂದು ನನಗೆ ಸಮಾಧಾನ ಹೇಳುವ ದನಿ ಅದು. ಆದರೆ ಅಂದಿನಿಂದ ಆ ಮಾತು ನನ್ನನ್ನು ಬಿಟ್ಟಿಲ್ಲ, ಏಕೆಂದರೆ ಇಡೀ ಅನಾಹುತದ ಕಾರಣವನ್ನು ಆ ಹುಡುಗ ತನಗರಿವಿಲ್ಲದೆಯೇ ನನ್ನ ಮುಂದೆ ಇಟ್ಟಿದ್ದ. ನಾಳೆ ಅಷ್ಟು ಸಿಗುವುದಿಲ್ಲ ಎಂಬುದು ನಿಜ. ಬೇಸಿಗೆಯುದ್ದಕ್ಕೂ ಮಣ್ಣಿನೊಳಗೆ ಅಡಗಿರುವ ಗೂಳಿಗಪ್ಪೆಗಳು ಮೊದಲ ಜೋರು ಮಳೆಗೆ ಹೊರಬಂದು, ಆಳವಿಲ್ಲದ ಹೊಸ ನೀರಿನಲ್ಲಿ ಒಟ್ಟುಗೂಡುತ್ತವೆ. ಗಂಡುಗಳು ಹಳದಿಯಾಗಿ ಕೂಗುವುದು, ಹೆಣ್ಣುಗಳು ಸಾವಿರಾರು ಮೊಟ್ಟೆಗಳನ್ನು ಇಡುವುದು ಈ ಕೆಲವೇ ರಾತ್ರಿಗಳಲ್ಲಿ. ಉಳಿದ ದಿನಗಳಲ್ಲಿ ಹೆಜ್ಜೆ ಸಪ್ಪಳಕ್ಕೇ ನೀರಿಗೆ ಜಿಗಿದು ಮರೆಯಾಗುವ ಪ್ರಾಣಿ, ಅಂದು ಮಾತ್ರ ಬೆಳಕು ಕಣ್ಣಿಗೆ ಬಿದ್ದರೂ ಕದಲದೆ ಕೂಗುತ್ತಲೇ ಇರುತ್ತದೆ. ಸಂತಾನಕ್ಕೆಂದು ಬಂದುದರಿಂದಲೇ ಅವು ಕೈಗೆ ಸಿಗುತ್ತವೆ.

ಒಂದು ಪ್ರಾಣಿಯ ಸಂಖ್ಯೆ ಕುಸಿಯುವುದು ಎಷ್ಟನ್ನು ಕೊಂದೆವು ಎಂಬುದರಿಂದ ಮಾತ್ರವಲ್ಲ, ಯಾವುದನ್ನು, ಯಾವಾಗ ಕೊಂದೆವು ಎಂಬುದರಿಂದಲೂ. ಈ ಲೆಕ್ಕ ಗೋವಾಕ್ಕೆ ಹೊಸದೇನಲ್ಲ. ಮೀನುಗಳು ಮರಿ ಮಾಡುವ ಕಾಲವೆಂದು ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ದೋಣಿಗಳು ಇಲ್ಲಿ ಸಮುದ್ರಕ್ಕಿಳಿಯುವಂತಿಲ್ಲ. ಆ ನಿಯಮವನ್ನು ಒಪ್ಪಿಕೊಂಡು ಒಣ ಮೀನಿನಲ್ಲಿ ತಿಂಗಳು ಕಳೆಯುವ ಊರಿನಲ್ಲೇ, ಅದೇ ಜೂನ್ ತಿಂಗಳಲ್ಲಿ, ಮೊಟ್ಟೆಯಿಡಲು ಬಂದ ಕಪ್ಪೆಗಳನ್ನು ಚೀಲಕ್ಕೆ ತುಂಬಲಾಗುತ್ತದೆ.

ನಾವು ಮಾತನಾಡುತ್ತಿರುವಾಗಲೇ ಒಂದು ಕಾರು ಬಂದು ನಿಂತಿತು. ಇಳಿದವನು ಒಳ್ಳೆಯ ರೇನ್‌ಕೋಟು ಹಾಕಿದ್ದ. ನನ್ನ ಕಡೆ ತಿರುಗಿಯೂ ನೋಡದೆ ಚೀಲವೊಂದರ ಬಾಯಿ ಬಿಚ್ಚಿ ಬೆಳಕು ಬಿಟ್ಟು, ದೊಡ್ಡವನ್ನು ಮಾತ್ರ ಆರಿಸಿಕೊಡುವಂತೆ ಹಿಂದಿಯಲ್ಲಿ ಹೇಳಿದ. ದೊಡ್ಡವೆಂದರೆ ಹಾವು, ಕೊಕ್ಕರೆ, ಬರಗಾಲ, ರಸ್ತೆಯ ಗಾಲಿಗಳನ್ನೆಲ್ಲ ದಾಟಿ ಬದುಕಿದ ವಯಸ್ಕ ಕಪ್ಪೆಗಳು. ಗೊದಮೊಟ್ಟೆಗಳಲ್ಲಿ ಬಹುಪಾಲು ಹೇಗೂ ಸಾಯುತ್ತವೆ. ವರ್ಷ ವರ್ಷವೂ ಮೊಟ್ಟೆಯಿಡಬಲ್ಲ ಈ ದೊಡ್ಡವುಗಳ ಮೇಲೆಯೇ ಆ ಗದ್ದೆಯ ವಂಶ ನಿಂತಿರುತ್ತದೆ. ಆತ ಹಣ ಎಣಿಸಿ ಕೊಟ್ಟು ಒಂದು ಚೀಲ ಒಯ್ದ. ನನ್ನ ಸಿಟ್ಟು ಹುಡುಗರಿಗಿಂತ ಅವನ ಮೇಲೆ ಹೆಚ್ಚು, ಅದನ್ನು ನಾನು ಮುಚ್ಚಿಡುವುದಿಲ್ಲ. ಕಾಯ್ದೆ ಬಂದಾಗ ಸಿಕ್ಕಿಬೀಳುವವರು ಗದ್ದೆಯಲ್ಲಿ ಒದ್ದೆಯಾದವರು. ಕಾರಿನವನಿಗೆ ಕೂಲಿ ತಪ್ಪಿದ ಕಷ್ಟವೂ ಇಲ್ಲ, ಹಿಡಿಯುವ ಶ್ರಮವೂ ಇಲ್ಲ, ತಿನ್ನಲು ಬೇರೆ ಆಹಾರವಿಲ್ಲ ಎನ್ನುವವರು ಅವನ ಗಿರಾಕಿಗಳಲ್ಲಿ ಒಬ್ಬರೂ ಇರಲಾರರು.

ಗಲಾಟೆ ಕೇಳಿ ಬಂದ ಮನೆಯೊಡತಿ, ಗದ್ದೆ ತನ್ನದೆಂದೂ, ಉಳಿದ ಚೀಲವನ್ನು ಅಲ್ಲೇ ಸುರಿಯಬೇಕೆಂದೂ ಕೊಂಕಣಿಯಲ್ಲಿ ಗದರಿದರು. ಹುಡುಗ ಮರುಮಾತಾಡದೆ ಸುರಿದ. ಅವರು ಮದುವೆಯಾಗಿ ಈ ಮನೆಗೆ ಬಂದ ಹೊಸತರಲ್ಲಿ, ಮೊದಲ ಮಳೆಯ ರಾತ್ರಿ ಕಪ್ಪೆಗಳ ಕೂಗಿಗೆ ಒಳಗೆ ಮಾತಾಡಿದ್ದೂ ಕೇಳಿಸುತ್ತಿರಲಿಲ್ಲವಂತೆ.

ಮರುದಿನ ಆಫೀಸಿನಲ್ಲಿ ಇದನ್ನು ಹೇಳಿದಾಗ ಸಹೋದ್ಯೋಗಿಯೊಬ್ಬರು, ಈ ಕಪ್ಪೆ ಅಳಿವಿನಂಚಿನ ಪಟ್ಟಿಯಲ್ಲೇ ಇಲ್ಲವಲ್ಲ ಎಂದರು. ಅವರ ಮಾತು ಸರಿ: ಇಡೀ ಉಪಖಂಡಕ್ಕೆ ಸೇರಿಸಿ ನೋಡಿದರೆ ಗೂಳಿಗಪ್ಪೆ ಅಪಾಯದಲ್ಲಿಲ್ಲ. ಮನುಷ್ಯರ ಮೂಲಕ ಅಂಡಮಾನಿಗೆ ಹೋದ ಇದೇ ಕಪ್ಪೆ ಅಲ್ಲಿ ಅತಿಯಾಗಿ ಹೆಚ್ಚಿ, ಅದರ ಗೊದಮೊಟ್ಟೆಗಳು ಅಲ್ಲಿನ ಮೂಲ ಕಪ್ಪೆಗಳ ಮರಿಗಳನ್ನು ತಿಂದುಹಾಕುತ್ತಿವೆ. ಆದರೆ ಅಂಡಮಾನಿನ ಕಪ್ಪೆ ಫೋಂಡಾದ ಗದ್ದೆಗೆ ಬಂದು ಹುಳ ಹಿಡಿಯುವುದಿಲ್ಲ. ಒಂದು ಕಣಿವೆಯಲ್ಲಿ ಮುಗಿದದ್ದು ಆ ಕಣಿವೆಯ ಮಟ್ಟಿಗೆ ಮುಗಿದಂತೆಯೇ, ಅದರಲ್ಲೂ ಸುತ್ತಲಿನ ಗದ್ದೆಗಳನ್ನು ಮಣ್ಣು ತುಂಬಿ ನಿವೇಶನ ಮಾಡಿದ ಮೇಲೆ, ಪಕ್ಕದಿಂದ ಬಂದು ಸೇರುವ ದಾರಿಯೂ ಉಳಿಯುವುದಿಲ್ಲ. ಭಾರತದಿಂದ ಕಪ್ಪೆ ಕಾಲುಗಳು ಸಾವಿರಾರು ಟನ್ ಲೆಕ್ಕದಲ್ಲಿ ವಿದೇಶಕ್ಕೆ ಹೋಗುತ್ತಿದ್ದ ಕಾಲವೊಂದಿತ್ತು. ಗದ್ದೆಗಳಲ್ಲಿ ಕೀಟ ಹೆಚ್ಚಿ ಕೀಟನಾಶಕದ ಖರ್ಚು ಏರುತ್ತದೆಂಬ ಆತಂಕ ಎದ್ದು, 1987ರಲ್ಲಿ ಸರ್ಕಾರ ಆ ರಫ್ತನ್ನೇ ನಿಷೇಧಿಸಿತು. ಕಪ್ಪೆಯ ತೆಳು ಚರ್ಮ ನೀರಿನಲ್ಲಿರುವ ವಿಷವನ್ನು ಹೀರಿಕೊಳ್ಳುವುದರಿಂದ, ಅದರ ಬದಲಿಗೆ ಸಿಂಪಡಿಸಿದ ಔಷಧ ಉಳಿದ ಕಪ್ಪೆಗಳಿಗೂ ಮುಳುವಾಗುತ್ತದೆ.

ಇದೇ ಲೆಕ್ಕ ದೊಡ್ಡ ಪ್ರಾಣಿಗಳಲ್ಲಿ ಇನ್ನೂ ಕ್ರೂರವಾಗಿ ಕಾಣುತ್ತದೆ. 2020ರ ಜನವರಿಯಲ್ಲಿ ಸತ್ತರಿ ತಾಲೂಕಿನ ಮಹದಾಯಿ ಅಭಯಾರಣ್ಯದಲ್ಲಿ ಒಂದು ಹೆಣ್ಣು ಹುಲಿ ಮತ್ತು ಅದರ ಮೂರು ಮರಿಗಳು ವಿಷಕ್ಕೆ ಬಲಿಯಾದವು. ದನವನ್ನು ಕೊಂದ ಸಿಟ್ಟಿಗೆ ವಿಷವಿಟ್ಟದ್ದು. ಸಂಖ್ಯೆಯಲ್ಲಿ ನಾಲ್ಕು. ಆದರೆ ಹತ್ತಾರು ಹುಲಿಗಳೂ ಇಲ್ಲದ ಕಾಡಿನಲ್ಲಿ ಮರಿಗಳೊಂದಿಗಿದ್ದ ತಾಯಿ ಹೋದರೆ, ಅದರೊಂದಿಗೆ ಹೋದವು ಎಷ್ಟೆಂದು ನಾಲ್ಕರಲ್ಲಿ ಹೇಳಲಾಗದು. ಇದಕ್ಕೆ ವಿರುದ್ಧವಾದದ್ದನ್ನೂ ಇದೇ ಗೋವಾ ಮಾಡಿ ತೋರಿಸಿದೆ. ಮೊರ್ಜಿ ಕಡಲತೀರದಲ್ಲಿ ಹಿಂದೆ ಆಲಿವ್ ರಿಡ್ಲಿ ಆಮೆಗಳ ಮೊಟ್ಟೆಗಳನ್ನು ಅಗೆದು ತಿನ್ನುತ್ತಿದ್ದರು. 1990ರ ದಶಕದಲ್ಲಿ ಊರವರೇ ಅರಣ್ಯ ಇಲಾಖೆಯೊಂದಿಗೆ ನಿಂತು ಆ ಗೂಡುಗಳಿಗೆ ಕಾವಲು ಹಾಕಿದರು. ಆಮೆ ದೊಡ್ಡದಾಗಿ ತೀರಕ್ಕೆ ಮರಳಲು ಹತ್ತು ವರ್ಷಕ್ಕೂ ಮಿಗಿಲು ಬೇಕು, ಆದರೂ ಅವರು ಕಾದರು; ಈಗ ಗೋವಾದ ತೀರಗಳಲ್ಲಿ ಗೂಡುಗಳು ಹೆಚ್ಚಿವೆ. ಅಲ್ಲಿ ಕಾವಲಿಗೆ ನಿಂತವರಲ್ಲಿ ಮೊದಲು ಮೊಟ್ಟೆ ಅಗೆಯುವುದನ್ನು ಬಲ್ಲವರೂ ಇದ್ದರು. ಯಾವ ರಾತ್ರಿ, ಯಾವ ಜಾಗ ಎಂದು ಅವರಿಗಿಂತ ಚೆನ್ನಾಗಿ ತಿಳಿದವರು ಯಾರು?

“ಇವತ್ತ ಒಂದ ರಾತ್ರಿ ಅಷ್ಟ ರೀ” ಎಂದ ಹುಡುಗನಿಗೂ ಆ ತಿಳಿವಳಿಕೆ ಇದೆ, ಮಳೆಗಾಲದಲ್ಲಿ ಬಿಡುವೂ ಇದೆ, ಇಲ್ಲದಿರುವುದು ಕೂಲಿ ಮಾತ್ರ. ಗದ್ದೆ ಕಾಯಲು ಇಂಥವರನ್ನೇ ಜೂನ್ ತಿಂಗಳ ಮಟ್ಟಿಗಾದರೂ ದಿನಗೂಲಿಯ ಮೇಲೆ ತೆಗೆದುಕೊಳ್ಳಬೇಕೆಂದು ಪಂಚಾಯತಿಗೆ ಕೊಡುವ ಅರ್ಜಿಯನ್ನು ನಾನು ಬರೆದಿದ್ದೇನೆ. ಮನೆಯೊಡತಿ ಅದನ್ನು ಕೊಂಕಣಿಗೆ ತಂದು ಸಹಿ ಹಾಕಿದ್ದಾರೆ. ಕಾರಿನ ನಂಬರನ್ನು ಅರಣ್ಯ ಇಲಾಖೆಗೆ ತಿಳಿಸಿದ್ದೇನೆ. ಭಾನುವಾರ ಇಲ್ಲಿನ ಕನ್ನಡಿಗರ ಸಭೆಯಿದೆ. ಸೆಂಟ್ರಿಂಗ್ ಮೇಸ್ತ್ರಿಗಳು ಅದಕ್ಕೆ ತಪ್ಪದೆ ಬರುತ್ತಾರೆ, ಮಳೆ ಹಿಡಿದ ವಾರಗಳಲ್ಲಿ ಹುಡುಗರಿಗೆ ಅರ್ಧ ಕೂಲಿಯನ್ನಾದರೂ ಕೊಡಲು ಸಾಧ್ಯವೇ ಎಂದು ಅಲ್ಲಿ ಕೇಳುವವಳಿದ್ದೇನೆ.