ಶಾಸಕರ ಮಸೂದೆ ಎಲ್ಲಿ ಸಿಕ್ಕಿಬೀಳುತ್ತದೆ?

ಅಧಿವೇಶನ ಹತ್ತಿರ ಬಂತೆಂದರೆ ‘ಈ ಸಲ ಈ ಮಸೂದೆ ತರುತ್ತೇನೆ’ ಎನ್ನುವ ಶಾಸಕರ ಹೇಳಿಕೆಗಳು ಶುರು. ಮಂತ್ರಿಯಲ್ಲದ ಸದಸ್ಯರು ತರುವುದು ಖಾಸಗಿ ವಿಧೇಯಕ. ಅದರಲ್ಲಿ ನಾನು ಮೊದಲು ಹುಡುಕುವುದು ಖರ್ಚಿನ ಸಾಲನ್ನು. ‘ಕೆರೆಗಳಿಗೆ ಸರ್ಕಾರ ಬೇಲಿ ಹಾಕತಕ್ಕದ್ದು’ ಎಂದು ಬರೆದರೆ ರಾಜ್ಯದ ಸಂಚಿತ ನಿಧಿಯಿಂದ, ಅಂದರೆ ಸರ್ಕಾರದ ಮುಖ್ಯ ಖಜಾನೆಯಿಂದ, ಹಣ ಹೋಗಬೇಕು. ಆಗ ಸಂವಿಧಾನದ 207(3)ನೇ ವಿಧಿಯಂತೆ ರಾಜ್ಯಪಾಲರ ಶಿಫಾರಸು ಇಲ್ಲದೆ ಸದನ ಅದನ್ನು ಅಂಗೀಕರಿಸುವಂತಿಲ್ಲ. ಆ ಶಿಫಾರಸು ಬರುವುದು ಸಂಪುಟದ ಸಲಹೆ ಮೇಲೆ, ಅಂದರೆ ಸರ್ಕಾರಕ್ಕೆ ಮನಸ್ಸಿಲ್ಲದಿದ್ದರೆ ಅಲ್ಲಿಗೇ ನಿಂತಿತು. ಅದರ ಬದಲು ಈಗಿರುವ ಕಾಯ್ದೆಯ ಒಂದು ಕಲಮಿನಲ್ಲಿ ‘ಕೆರೆ’ ಎಂಬುದರ ವ್ಯಾಖ್ಯೆಗೆ ‘ರಾಜಕಾಲುವೆಯೂ ಸೇರಿ’ ಎಂದು ಎರಡು ಪದ ಸೇರಿಸುವ ತಿದ್ದುಪಡಿ ನೋಡಿ. ನೇರ ಖರ್ಚಿಲ್ಲ, ಆದರೆ ಮಳೆನೀರು ಹರಿಯುವ ಆ ದೊಡ್ಡ ಕಾಲುವೆಗೂ ಕೆರೆಯ ನಿಯಮವೇ ಅನ್ವಯ; ಕೆಲಸ ದೊಡ್ಡದು. ಇಂಥದ್ದು ತರುವ ಶಾಸಕರ ಮೇಲೆ ನನಗೆ ನಿಜಕ್ಕೂ ಗೌರವ.

ಇನ್ನು ಸಮಯ. ಅಧಿವೇಶನ ಮುಂದೂಡಿದ ಮಾತ್ರಕ್ಕೆ ವಿಧೇಯಕ ಬಿದ್ದುಹೋಗುವುದಿಲ್ಲ. ವಿಧಾನಸಭೆ ವಿಸರ್ಜನೆಯಾದರೆ ಮಾತ್ರ ಅಲ್ಲಿ ಬಾಕಿ ಇದ್ದದ್ದೂ, ಅಲ್ಲಿ ಪಾಸಾಗಿ ಪರಿಷತ್ತಿನಲ್ಲಿ ಕೂತದ್ದೂ ಎರಡೂ ರದ್ದು. ಹಾಗಾಗಿ ಐದನೇ ವರ್ಷದ ಘೋಷಣೆಗಿಂತ ಮೊದಲ ವರ್ಷವೇ ಮಂಡಿಸಿದ ಎರಡು ಪುಟದ ತಿದ್ದುಪಡಿಯನ್ನೇ ನಾನು ಹೆಚ್ಚು ನಂಬುತ್ತೇನೆ.