ಠಣ್ ಅಂದಮೇಲೆ ಉಳಿಯೋದು

ನಮ್ ಸ್ಕೂಲಲ್ಲಿ ಗಂಟೆ ಅಂತ ಗಂಟೇನೇ ಇರ್ಲಿಲ್ಲ. ಆಫೀಸ್ ರೂಮ್ ಮುಂದಿನ ಬೇವಿನ ಮರಕ್ಕೆ ಮೊಳದುದ್ದ ರೈಲು ಕಂಬಿ ತುಂಡನ್ನ ತಂತೀಲಿ ನೇತುಹಾಕಿದ್ರು, ಪ್ಯೂನ್ ಅಣ್ಣ ದಪ್ಪ ಬೋಲ್ಟ್ ತಗೊಂಡು ಹೊಡೀತಿದ್ರು, ಪೀರಿಯಡ್‌ಗೆ ಒಂದು ಠಣ್, ಸಂಜೆ ಲಾಂಗ್ ಬೆಲ್‌ಗೆ ಠಣಠಣಠಣ, ಅದು ನಿಲ್ಲೋ ಅಷ್ಟರಲ್ಲಿ ನಾವು ಗೇಟ್ ದಾಟಿರ್ತಿದ್ವಿ.

8ನೇ ಕ್ಲಾಸಲ್ಲಿ ಅನುಕರಣಾವ್ಯಯ ಪಾಠ, ಅಂದ್ರೆ ಸದ್ದನ್ನೇ ಅನುಕರಿಸೋ ಪದಗಳದ್ದು. ಗಂಟೆ ಹೇಗೆ ಬಾರಿಸುತ್ತೆ ಅಂತ ಕನ್ನಡ ಮೇಷ್ಟ್ರು ಕೇಳಿದ್ರು, ಎಲ್ರೂ ಒಟ್ಟಿಗೆ ಗಣಗಣ ಅಂದ್ವಿ. "ಇಲ್ಲಿ ಯಾವತ್ತು ಕೇಳಿದ್ರೋ ಗಣಗಣ, ನಡೀರಿ ಹೊರಗೆ" ಅಂತ ಇಡೀ ಕ್ಲಾಸನ್ನ ಮರದ ಹತ್ರ ಕರ್ಕೊಂಡು ಹೋಗಿ ಒಂದೇ ಏಟು ಹೊಡೆದು, ಪೂರ್ತಿ ನಿಲ್ಲೋತನಕ ಯಾರೂ ಉಸಿರೆತ್ತಬಾರ್ದು ಅಂದ್ರು. ಠಣ್ ಮುಗೀತು, ಅದರ ಬೆನ್ನಿಗೇ ಸಣ್ಣಗೆ ಮ್‌ಮ್‌ಮ್ ಅಂತ ಎಳೀತಾನೇ ಇತ್ತು. ನಾನು ಸುಮ್ನಿರದೆ ಕಂಬಿಗೆ ಅಂಗೈ ಇಟ್ಟೆ, ಕೈ ಜುಮ್ ಅಂತು, ಸೌಂಡೂ ಸತ್ತೋಯ್ತು. ಮೇಷ್ಟ್ರು ನಕ್ಕು "ಈಗ ನೀನು ಕೊಂದ್ಯಲ್ಲ, ಅದರ ಹೆಸರು ಅನುರಣನ" ಅಂದ್ರು. ಅನು ಅಂದ್ರೆ ಹಿಂದೆ ಬರೋದು, ರಣನ ಅಂದ್ರೆ ಮೊಳಗೋದು, ಸದ್ದು ಮಾಡು ಅನ್ನೋ ಸಂಸ್ಕೃತದ ರಣ್ ಧಾತುವಿಂದ. ರಣ ಅಂದ್ರೆ ಯುದ್ಧ ಅಲ್ವಾ ಸಾರ್ ಅಂದವನಿಗೆ, ಅದೂ ಹೌದು, ಇಲ್ಲಿ ಯಾರೂ ಹೊಡೆದಾಡ್ತಿಲ್ಲ ಕೂತ್ಕೊ ಅಂದ್ರು.

ಅವತ್ತೇ ಘಂಟೆಯ ಮಹಾಪ್ರಾಣ ಕಳಚಿ ಗಂಟೆ ಆಗಿದ್ದು, ಬಾರಿಸೋ ವಸ್ತುವಿನ ಹೆಸರೇ ಟೈಮಿನ ಹೆಸರಾಗಿದ್ದು ಎಲ್ಲ ಹೇಳಿದ್ರು. (ಪೇಪರ್‌ನವರು ಈಗ ಫೋನ್ ರಿಂಗಣಿಸಿತು ಅಂತ ಬರೀತಾರೆ, ಸಂಸ್ಕೃತದಲ್ಲಿ ರಿಂಗಣ ಅಂದ್ರೆ ಮಗು ಅಂಬೆಗಾಲಿಡೋದು, ನನಗಂತೂ ಫೋನ್ ಟೇಬಲ್ ಮೇಲೆ ತೆವಳ್ತಾ ಇರೋ ಹಾಗೇ ಕಾಣುತ್ತೆ, ವೈಬ್ರೇಟ್ ಮೋಡಲ್ಲಿ ತೆವಳುತ್ತೆ ಕೂಡ.)

10ನೇ ಕ್ಲಾಸ್ ಟೂರಲ್ಲಿ ಗೋಲಗುಮ್ಮಟದ ಮೇಲೆ ನಿಂತು ಕಿರುಚಿ, ಇದು ಅನುರಣನ ಅಂತ ನಾನೇ ಶೋ ಆಫ್ ಮಾಡಿದ್ದೆ. ಸೈನ್ಸ್ ಮೇಡಂ ತಿದ್ದಿದ್ರು, ಸದ್ದು ವಾಪಸ್ ಬರೋಕೆ ಸೆಕೆಂಡಿನ 10ನೇ ಒಂದು ಭಾಗ ಆದ್ರೂ ಹಿಡಿದ್ರೆ, ಅಂದ್ರೆ ಗೋಡೆ ಸುಮಾರು 17 ಮೀಟರ್ ದೂರ ಇದ್ರೆ, ಬೇರೆಯಾಗಿ ಕೇಳುತ್ತೆ, ಅದು ಪ್ರತಿಧ್ವನಿ, ಒಂದಕ್ಕೊಂದು ಅಂಟ್ಕೊಂಡು ಎಳೆದ್ರೆ ಮಾತ್ರ ನಿನ್ನ ಅನುರಣನ ಅಂತ.

ಎಂಎ ಮಾಡುವಾಗ ಕಾವ್ಯಮೀಮಾಂಸೆ ಪೇಪರಲ್ಲಿ ಈ ಪದ ಮತ್ತೆ ಸಿಕ್ತು. 9ನೇ ಶತಮಾನದ ಕಾಶ್ಮೀರದ ಕಾವ್ಯಮೀಮಾಂಸಕ ಆನಂದವರ್ಧನ, ನೇರ ಅರ್ಥ ಮೊದಲು ತಾಗಿ ಸೂಚಿತ ಅರ್ಥ ಅದರ ಹಿಂದೆ ಬರೋದು ಗೊತ್ತಾಗೋ ಧ್ವನಿಗೆ (ಇಲ್ಲಿ ಧ್ವನಿ ಅಂದ್ರೆ ಸದ್ದಲ್ಲ, ನೇರವಾಗಿ ಹೇಳದೆ ಸೂಚಿಸೋದು) ಅನುರಣನದ ಹೋಲಿಕೆ ಕೊಡ್ತಾನೆ. ಸಂಲಕ್ಷ್ಯಕ್ರಮ ಅಂತ ಅದರ ಹೆಸರು ಕೇಳೇ ಫ್ರೆಂಡ್ಸ್ ಎಲ್ಲ ತಲೆ ಕೆರ್ಕೊಂಡ್ರು, ನನಗೆ ಬೇವಿನ ಮರ ಕಾಣ್ತಿತ್ತು.

ಹೋದ ವರ್ಷ ಸ್ಕೂಲಿಗೆ ಬಂದಿದ್ದೆ. ಈಗ ಕರೆಂಟ್ ಬೆಲ್ ಇದೆ. ಕಂಬಿ ಸ್ಪೋರ್ಟ್ಸ್ ರೂಮಿನ ಮೂಲೇಲಿ ನೆಲದ ಮೇಲೆ ಬಿದ್ದಿತ್ತು, ಕಲ್ಲಲ್ಲಿ ಹೊಡೆದ್ರೆ ಬರೀ ಟಕ್ ಅಂತು. ಆಮೇಲೆ ಫ್ರೆಂಡ್ ಒಬ್ಬನ ಕೈಲಿ ಹಗ್ಗ ಕಟ್ಟಿಸಿ ಎತ್ತಿ ಹಿಡಿಸಿ ಹೊಡೆದೆ. ಸ್ಟಾಫ್ ರೂಮಿಂದ ಯಾರೋ ಇಣುಕಿದ್ರು, ನಾನು ಈ ಸಲ ಕೈ ಇಡ್ಲಿಲ್ಲ.